ಆರು ವಾರ ಎತ್ತಿದ ಕೈ

ಸೊಂಟದಿಂದ ಭುಜದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ಬಲಗೈಯನ್ನು ಪಕ್ಕಕ್ಕೆ ಚಾಚಿ ಮೇಲೆತ್ತಿಕೊಂಡಿರುವ ನಾಲ್ಕು ವರ್ಷದ ಮಗುವನ್ನು ಕಂಡರೆ ನಮ್ಮೂರಲ್ಲಿ ಯಾರೂ ಸುಮ್ಮನೆ ಹೋಗುವುದಿಲ್ಲ. ದೇವಸ್ಥಾನದಲ್ಲಿ, ರೈಲು ನಿಲ್ದಾಣದಲ್ಲಿ, ಕಿರಾಣಿ ಅಂಗಡಿ ಮುಂದೆ ಎಲ್ಲರ ಪ್ರಶ್ನೆಯೂ ಒಂದೇ: ‘ಅಯ್ಯೋ, ಎಲ್ಲಿಂದ ಬಿತ್ತು ಮಗು?’ ನಮ್ಮ ಮಗಳು ಎಲ್ಲಿಂದಲೂ ಬಿದ್ದಿರಲಿಲ್ಲ. ಅವಳ ಮೂಳೆಯೂ ಮುರಿದಿರಲಿಲ್ಲ. ಹುಟ್ಟುವಾಗ ಭುಜದ ನರಗಳಿಗೆ ಆದ ಪೆಟ್ಟಿಗೆ ನಾಲ್ಕನೇ ವರ್ಷದಲ್ಲಿ ಶಸ್ತ್ರಚಿಕಿತ್ಸೆ ಆಗಿತ್ತು. ಆ ಪ್ಲಾಸ್ಟರ್ ಶಸ್ತ್ರಚಿಕಿತ್ಸೆಯ ಉಳಿದರ್ಧ.

ನಾವು ದುಬೈನಲ್ಲಿ ನೆಲೆಸಿ ಹದಿನಾಲ್ಕು ವರ್ಷವಾಯಿತು. ಮನೆಯಲ್ಲಿ ಒಬ್ಬರದು ಲೆಕ್ಕಪತ್ರದ ಕೆಲಸ, ಇನ್ನೊಬ್ಬರದು ಶಾಲೆಯಲ್ಲಿ ಪಾಠ. ವೈದ್ಯಕೀಯಕ್ಕೂ ನಮಗೂ ಸಂಬಂಧವಿಲ್ಲ. ಆದರೆ ಮಗಳ ವಿಷಯ ಇಲ್ಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಡಿದ ಮೇಲೆ ಅಬುಧಾಬಿಯಿಂದ ಉಡುಪಿ ಕಡೆಯ ಒಂದು ಕುಟುಂಬ, ಮಸ್ಕತ್‌ನಿಂದ ಇನ್ನೊಂದು ಕುಟುಂಬ ಫೋನು ಮಾಡಿ ಗಂಟೆಗಟ್ಟಲೆ ಮಾತಾಡಿದರು. ಇಬ್ಬರ ಮಕ್ಕಳಿಗೂ ಇದೇ ತೊಂದರೆ. ಇಬ್ಬರೂ ಚಿಕಿತ್ಸೆಗೆ ಊರಿಗೇ ಹೋಗುವವರು. ಅಂದರೆ ಪ್ಲಾಸ್ಟರ್ ಹಾಕಿದ ಮಗುವನ್ನು ಆರು ವಾರ ನೋಡಿಕೊಳ್ಳುವವರು ಬಹುಪಾಲು ಊರಿನ ಅಜ್ಜ, ಅಜ್ಜಿ, ಚಿಕ್ಕಮ್ಮಂದಿರು. ಈ ಪುಟ ಓದುವವರೂ ಅವರೇ. ಹಾಗಾಗಿ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮಗುವಿನ ಮಟ್ಟಿಗೆ ಮಾತ್ರ ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ.

ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯಿಂದ ಐದು ನರಬೇರುಗಳು ಹೊರಟು, ಒಂದರೊಳಗೊಂದು ಹೆಣೆದುಕೊಂಡು, ಕಂಕುಳಿನ ಮೂಲಕ ಕೈಗೆ ಇಳಿಯುತ್ತವೆ. ಈ ಜಾಲಕ್ಕೆ ವೈದ್ಯರು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ಹೆರಿಗೆಯಲ್ಲಿ ತಲೆ ಹೊರಬಂದ ಮೇಲೆ ಭುಜ ತಾಯಿಯ ಮೂಳೆಗೆ ಸಿಕ್ಕಿಕೊಂಡರೆ ಕುತ್ತಿಗೆ ಮತ್ತು ಭುಜದ ನಡುವೆ ಈ ನರಗಳು ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಮಗು ದಪ್ಪವಿದ್ದರೆ, ತಾಯಿಗೆ ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದರೆ ಸಾಧ್ಯತೆ ಹೆಚ್ಚು. ಮೇಲಿನ ಎರಡು ಬೇರುಗಳಿಗೆ ಪೆಟ್ಟಾಗುವುದೇ ಸಾಮಾನ್ಯ. ಅದಕ್ಕೆ ಅರ್ಬ್ಸ್ ಪಾಲ್ಸಿ ಎಂದು ಹೆಸರು. ಫ್ರಾನ್ಸಿನ ಡುಷೆನ್ 1872ರಲ್ಲಿ, ಜರ್ಮನಿಯ ವಿಲ್ಹೆಲ್ಮ್ ಅರ್ಬ್ 1874ರಲ್ಲಿ ಇದನ್ನು ವಿವರಿಸಿದರು. ಹೊಸ ಕಾಯಿಲೆಯೇನಲ್ಲ, ತೀರಾ ಅಪರೂಪವೂ ಅಲ್ಲ. ಸಾವಿರ ಹೆರಿಗೆಗೆ ಸುಮಾರು ಒಂದು ಎಂಬ ಲೆಕ್ಕವನ್ನು ಹಲವು ದೇಶಗಳಲ್ಲಿ ಹೇಳುತ್ತಾರೆ.

ಹೆರಿಗೆ ಮಾಡಿಸಿದವರ ತಪ್ಪೇ ಎಂದು ನಮ್ಮನ್ನು ಬಹಳ ಜನ ಕೇಳಿದ್ದಾರೆ. ಭುಜ ಸಿಕ್ಕಿಕೊಂಡಾಗ ಮಗುವನ್ನು ಕೆಲವೇ ನಿಮಿಷಗಳಲ್ಲಿ ಹೊರತೆಗೆಯದಿದ್ದರೆ ಜೀವಕ್ಕೇ ಅಪಾಯ. ಆ ನಿಮಿಷಗಳಲ್ಲಿ ಅಲ್ಲಿದ್ದವರು ಮಗುವನ್ನು ನಮಗೆ ಉಳಿಸಿಕೊಟ್ಟರು. ಅದಕ್ಕಿಂತ ಆಚೆಗೆ ನಾವು ಹುಡುಕಲು ಹೋಗಿಲ್ಲ.

ಹೆಚ್ಚಿನ ಮಕ್ಕಳು ಮೊದಲ ಕೆಲವು ತಿಂಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಮೂರು ತಿಂಗಳಾಗುವಷ್ಟರಲ್ಲಿ ಮಗು ಮೊಣಕೈ ಮಡಚಲು ಶುರುಮಾಡುತ್ತದೆಯೇ ಎಂಬುದನ್ನು ವೈದ್ಯರು ಗಮನವಿಟ್ಟು ನೋಡುತ್ತಾರೆ. ಮಡಚದಿದ್ದರೆ ನರಗಳಿಗೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಪುಟ್ಟಿ ಮಡಚಿದಳು. ಬೆರಳುಗಳೂ ಚೆನ್ನಾಗಿದ್ದವು. ಉಳಿದದ್ದು ಭುಜ. ಕೈಯನ್ನು ಒಳಕ್ಕೆ ತಿರುಗಿಸುವ ಸ್ನಾಯುಗಳು ಬಲವಾಗಿ, ಹೊರಕ್ಕೆ ತಿರುಗಿಸುವವು ಸೋತು, ತಕ್ಕಡಿ ಒಂದೇ ಕಡೆ ವಾಲಿತು. ಬಾಯಿಗೆ ತುತ್ತು ಇಡುವಾಗ ಅವಳ ಮೊಣಕೈ ಭುಜದೆತ್ತರಕ್ಕೆ ಏಳುತ್ತಿತ್ತು, ಕಹಳೆ ಊದುವವರ ಹಾಗೆ. ವೈದ್ಯರ ಭಾಷೆಯಲ್ಲಿಯೂ ಅದಕ್ಕೆ ಕಹಳೆಯ ಹೆಸರೇ ಇದೆ ಎಂದು ಆಮೇಲೆ ತಿಳಿಯಿತು.

ಭದ್ರಾವತಿಯಲ್ಲಿ ತಾತ, ‘ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡ್ರೋ, ಒಂದ್ಸಲ ಪುತ್ತೂರು ಕಟ್ಟು ಹಾಕಿಸ್ಕೊಂಡು ಬರೋಣ’ ಎಂದರು. ಮುರಿದ ಮೂಳೆಗೆ ಪುತ್ತೂರಿಗೆ ಹೋಗಿ ಬಂದವರು ನಮ್ಮ ಮನೆಯಲ್ಲೇ ಇದ್ದಾರೆ, ಅವರ ನಂಬಿಕೆಯನ್ನು ಹಗುರ ಮಾಡುವುದಿಲ್ಲ. ಆದರೆ ಇಲ್ಲಿ ಕೂಡಿಸಬೇಕಾದ ಮೂಳೆಯೇ ಇರಲಿಲ್ಲ. ಎಂಆರ್‌ಐ ಚಿತ್ರ ನೋಡಿದ ಬೆಂಗಳೂರಿನ ವೈದ್ಯರು ಹೇಳಿದ್ದು ಇಷ್ಟು: ಭುಜದ ಕೀಲಿನ ಗುಂಡು ನಿಧಾನಕ್ಕೆ ಹಿಂದಕ್ಕೆ ಜಾರುತ್ತಿದೆ, ಅದು ಕೂರಬೇಕಾದ ಬಟ್ಟಲು ಚಪ್ಪಟೆಯಾಗುತ್ತಿದೆ. ಮಗು ಬೆಳೆದಷ್ಟೂ ಇದು ಕೆಡುತ್ತದೆಯೇ ಹೊರತು ತಾನಾಗಿ ಸರಿಹೋಗುವುದಿಲ್ಲ. ಆಡಿಕೊಂಡು, ನಗುತ್ತಾ, ಎಡಗೈಯಲ್ಲೇ ಎಲ್ಲ ಕೆಲಸ ಸುಧಾರಿಸಿಕೊಂಡಿದ್ದ ಮಗುವನ್ನು ಆಪರೇಷನ್‌ಗೆ ಮಲಗಿಸುವುದೇ ಎಂಬ ಪ್ರಶ್ನೆ ನಮ್ಮನ್ನು ಮೂರು ತಿಂಗಳು ಕಾಡಿತು. ಆ ಎಂಆರ್‌ಐ ಇಲ್ಲದಿದ್ದರೆ ನಾವು ಒಪ್ಪುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯ ಬಗೆ ಹಳೆಯದು. 1918ರಲ್ಲಿ ಸೀವರ್, 1934ರಲ್ಲಿ ಲೆಪಿಸ್ಕೋಪೊ, 1978ರಲ್ಲಿ ಹಾಫರ್ ಎಂಬ ವೈದ್ಯರು ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ತಿದ್ದುತ್ತಾ ಬಂದದ್ದು. ಬಿಗಿದ ಸ್ನಾಯುವನ್ನು ಸಡಿಲಿಸುತ್ತಾರೆ. ಬೆನ್ನಿನಿಂದ ಬಂದು ತೋಳಿನ ಮುಂಭಾಗಕ್ಕೆ ಅಂಟಿರುವ ಎರಡು ಸ್ನಾಯುಗಳ ತುದಿ ಬಿಡಿಸಿ, ಭುಜದ ಹಿಂದೆ ಮೇಲ್ಗಡೆ ಹೊಲಿಯುತ್ತಾರೆ. ಇಷ್ಟು ದಿನ ಕೈಯನ್ನು ಒಳಕ್ಕೆ ಎಳೆಯುತ್ತಿದ್ದ ಅದೇ ಸ್ನಾಯು ಇನ್ನು ಮುಂದೆ ಹೊರಕ್ಕೆ ಎಳೆಯಬೇಕು. ಲೆಕ್ಕಪತ್ರದವರ ಭಾಷೆಯಲ್ಲಿ ಹೇಳುವುದಾದರೆ, ಹೊಸ ದುಡ್ಡು ಬರಲಿಲ್ಲ, ಇದ್ದದ್ದನ್ನೇ ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಿದ್ದು.

ಹೊಲಿದ ಜಾಗ ಗಟ್ಟಿಯಾಗಲು ಸುಮಾರು ಆರು ವಾರ ಬೇಕು. ಅಷ್ಟು ದಿನ ಕೈ ಕೆಳಗಿಳಿಯಬಾರದು, ಒಳಕ್ಕೆ ತಿರುಗಬಾರದು. ದೊಡ್ಡವರಾದರೆ ಪಟ್ಟಿ ಕಟ್ಟಿ ‘ಅಲ್ಲಾಡಿಸಬೇಡಿ’ ಎನ್ನಬಹುದು. ನಾಲ್ಕು ವರ್ಷದ ಮಗುವಿಗೆ ಏನು ಹೇಳುವುದು? ಬಿಚ್ಚಿ ಹಾಕುವಂಥ ಪಟ್ಟಿಯನ್ನು ಅದು ಎರಡನೇ ದಿನವೇ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಚಿಕ್ಕ ಮಕ್ಕಳಿಗೆ ಮೈಗೂ ಕೈಗೂ ಸೇರಿಸಿ ಪ್ಲಾಸ್ಟರ್. ಭುಜ ಪಕ್ಕಕ್ಕೆ ಎತ್ತಿ, ಮೊಣಕೈ ಮಡಚಿ, ಅಂಗೈ ಮುಂದೆ ಮಾಡಿದ ಭಂಗಿ. ಅಮೆರಿಕದವರು ಇದಕ್ಕೆ ‘ಸ್ವಾತಂತ್ರ್ಯ ದೇವಿ’ಯ ಭಂಗಿ ಎನ್ನುತ್ತಾರೆ. ನಮ್ಮ ಅಜ್ಜಿಯ ಕಣ್ಣಿಗೆ ಮಾತ್ರ ಅದು ಅಭಯಹಸ್ತ.

ಪ್ಲಾಸ್ಟರ್ ಕೋಣೆಯಲ್ಲಿ ಕಲಿತದ್ದು

ಶಸ್ತ್ರಚಿಕಿತ್ಸೆ ಮುಗಿದು ಅರಿವಳಿಕೆ ಇಳಿಯುವ ಮುಂಚೆಯೇ ಪ್ಲಾಸ್ಟರ್ ಹಾಕುತ್ತಾರೆ. ನಾವು ಒಳಗೆ ಇರಲಿಲ್ಲ. ಆದರೆ ಮರುದಿನ ವಾರ್ಡಿಗೆ ಬಂದ ಪ್ಲಾಸ್ಟರ್ ತಂತ್ರಜ್ಞರು ಹೇಗೆ ಹಾಕಿದರೆಂದು ತಾಳ್ಮೆಯಿಂದ ಹೇಳಿಕೊಟ್ಟರು. ಒಬ್ಬರು ಮಗುವಿನ ಮೈಯನ್ನು ಆತುಕೊಂಡಿರಬೇಕು. ಇನ್ನೊಬ್ಬರು ಕೈಯನ್ನು ವೈದ್ಯರು ಹೇಳಿದ ಕೋನದಲ್ಲಿ ಹಿಡಿದಿರಬೇಕು, ಮುಗಿಯುವ ತನಕ ಅವರು ಕದಲುವಂತಿಲ್ಲ. ಮೊದಲು ಬನಿಯನ್ ಬಟ್ಟೆಯಂಥ ಹಿಗ್ಗುವ ಕೊಳವೆ, ಅದರ ಮೇಲೆ ಹತ್ತಿಯ ಸುರುಳಿ. ಮೊಣಕೈ, ಬೆನ್ನೆಲುಬು, ಸೊಂಟದ ಮೂಳೆ ಹೀಗೆ ಚರ್ಮದ ಕೆಳಗೇ ಮೂಳೆ ಸಿಗುವ ಕಡೆ ಹತ್ತಿ ಇನ್ನೂ ದಪ್ಪ. ಹೊಟ್ಟೆಯ ಮೇಲೆ ಮಡಚಿದ ಟವೆಲ್ ಒಂದನ್ನು ಇಟ್ಟು, ಅದರ ಮೇಲೆ ಪ್ಲಾಸ್ಟರ್ ಸುತ್ತಿ, ಗಟ್ಟಿಯಾದ ಮೇಲೆ ಟವೆಲನ್ನು ಎಳೆದು ತೆಗೆಯುತ್ತಾರೆ. ಊಟ ಮಾಡಿದಾಗ ಹೊಟ್ಟೆ ಉಬ್ಬಲು, ಉಸಿರಾಡಲು ಅಷ್ಟು ಜಾಗ ಉಳಿಯುತ್ತದೆ. ಈ ಟವೆಲಿನ ಉಪಾಯ ನಮಗೆ ಬಹಳ ಹಿಡಿಸಿತು. ಕೊನೆಗೆ ಮೈಯಿಂದ ಕೈಗೆ ಒಂದು ಅಡ್ಡಕೋಲು, ಕೈಯ ಭಾರ ಹೊರಲು.

‘ಆ ಕೋಲು ಹಿಡಿಕೆ ಅಲ್ಲ, ಮಗೂನ ಅದನ್ನ ಹಿಡ್ಕೊಂಡು ಎತ್ತಬೇಡಿ’ ಎಂದು ಅವರು ಮೂರು ಸಲ ಹೇಳಿದರು. ಯಾಕೆಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ನೋಡಿದವರೆಲ್ಲರ ಕೈ ಮೊದಲು ಹೋಗುವುದೇ ಆ ಕೋಲಿಗೆ.

ಪ್ಲಾಸ್ಟರ್‌ನಲ್ಲಿ ಎರಡು ಬಗೆ. ಒಂದು ಬಿಳಿ ಪುಡಿಯದು, ಜಿಪ್ಸಮ್ಮನ್ನು ಕಾಯಿಸಿ ಮಾಡಿದ ಪ್ಲಾಸ್ಟರ್ ಆಫ್ ಪ್ಯಾರಿಸ್. ಗಣೇಶನ ಮೂರ್ತಿಗೆ ಬೇಡ ಎಂದು ನಮ್ಮಲ್ಲಿ ಪ್ರತಿ ವರ್ಷ ಹೇಳುವ ಅದೇ ಪಿಒಪಿ. 1850ರ ದಶಕದ ಆರಂಭದಲ್ಲಿ ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಾಥೈಸನ್ ಇದನ್ನು ಬಟ್ಟೆಗೆ ಹಚ್ಚಿ ಬ್ಯಾಂಡೇಜ್ ಮಾಡಿದರು. ನೀರು ಬಿದ್ದೊಡನೆ ಬೆಚ್ಚಗಾಗುತ್ತದೆ, ಬೇಗ ಬಿಗಿಯುತ್ತದೆ, ಆದರೆ ಪೂರ್ತಿ ಒಣಗಲು ಎರಡು ಮೂರು ದಿನ. ಅಷ್ಟರೊಳಗೆ ಬೆರಳ ತುದಿಯಿಂದ ಒತ್ತಿದರೆ ಗುಳಿ ಬಿದ್ದು, ಆ ಗುಳಿ ಒಳಗೆ ಚರ್ಮವನ್ನು ಒತ್ತುತ್ತದೆ. ಹಾಗಾಗಿ ಅಂಗೈ ಚಪ್ಪಟೆ ಮಾಡಿ ಎತ್ತಬೇಕು. ಇನ್ನೊಂದು ಫೈಬರ್ ಗ್ಲಾಸ್. ಹಗುರ, ನಿಮಿಷಗಳಲ್ಲಿ ಗಟ್ಟಿ, ಬೆಲೆ ಜಾಸ್ತಿ. ಮೈತುಂಬ ಹಾಕುವಾಗ ಹಗುರವಾಗಿರುವುದು ಮುಖ್ಯವೆಂದು ಪುಟ್ಟಿಗೆ ಫೈಬರ್ ಹಾಕಿದರು. ಅದು ನೀರಿಗೆ ಹೆದರದು ಎಂದು ಕೆಲವರು ತಿಳಿದಿರುತ್ತಾರೆ. ಹೊರಗಿನ ಫೈಬರ್ ಹೆದರದಿರಬಹುದು, ಒಳಗಿನ ಹತ್ತಿ ನೆನೆದರೆ ಒಣಗುವುದೇ ಇಲ್ಲ.

ಮೊದಲ ಎರಡು ದಿನ ನಮ್ಮ ಕೆಲಸ ಬೆರಳು ನೋಡುವುದು. ಉಗುರು ಒತ್ತಿದರೆ ಬೆಳ್ಳಗಾಗಿ, ಬಿಟ್ಟೊಡನೆ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪು ಬರಬೇಕು. ಬೆರಳು ತಣ್ಣಗಿದೆಯೇ, ನೀಲಿ ಅಥವಾ ಬಿಳಿಚಿದೆಯೇ, ಊದಿದೆಯೇ, ಇನ್ನೊಂದು ಕೈಗೆ ಹೋಲಿಸಿ ನೋಡಬೇಕು. ಔಷಧ ಕೊಟ್ಟರೂ ನೋವು ಏರುತ್ತಲೇ ಇದ್ದರೆ, ಬೆರಳು ಬಿಡಿಸಿದರೆ ಚೀರಿದರೆ, ಬೆಳಗಾಗಲಿ ಎಂದು ಕಾಯಬಾರದು, ಒಡನೆ ಆಸ್ಪತ್ರೆಗೆ ಓಡಬೇಕು. ಈ ಮಕ್ಕಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನರಕ್ಕೆ ಪೆಟ್ಟಾದ ಕೈಯಲ್ಲಿ ಸ್ಪರ್ಶ ಕಡಿಮೆ ಇರಬಹುದು. ಮಗು ‘ನೋವಿಲ್ಲ’ ಅಂದರೂ ಕಣ್ಣಿಂದ ನೋಡಿಯೇ ನಂಬಬೇಕು.

ಭದ್ರಾವತಿಯ ಮನೆಯಲ್ಲಿ

ಬೆಂಗಳೂರಿನಲ್ಲಿ ವಿಜಯನಗರದ ಅಕ್ಕನ ಮನೆಯಲ್ಲಿ ಹತ್ತು ದಿನ ಇದ್ದು, ವೈದ್ಯರು ಗಾಯ ನೋಡಿ ಹೂಂ ಅಂದ ಮೇಲೆ ಜನಶತಾಬ್ದಿ ರೈಲಿನಲ್ಲಿ ಭದ್ರಾವತಿಗೆ ಬಂದೆವು. ಕಾರಿಗಿಂತ ರೈಲು ವಾಸಿ. ಕಾರಿನಲ್ಲಿ ಎತ್ತಿದ ಕೈ ಬಾಗಿಲಿಗೋ ಮುಂದಿನ ಸೀಟಿಗೋ ತಾಗುತ್ತದೆ, ಬೆಲ್ಟ್ ಕೂರುವುದಿಲ್ಲ.

ತಿಂಗಳು ಆರಿಸಿದ್ದು ಬೇಕೆಂದೇ. ಮಳೆಗಾಲದ ಭದ್ರಾವತಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಏಪ್ರಿಲ್‌ನಲ್ಲಿ ಪ್ಲಾಸ್ಟರ್ ಒಳಗೆ ಬೆವರು ಇಳಿದು ಚರ್ಮ ಕೆಡುತ್ತದೆ. ದುಬೈನ ಬೇಸಿಗೆಯ ಮಾತೇ ಬೇಡ. ದೀಪಾವಳಿ ಮುಗಿಸಿ ಶಸ್ತ್ರಚಿಕಿತ್ಸೆ, ವರ್ಷದ ಕೊನೆಗೆ ಪ್ಲಾಸ್ಟರ್ ಬಿಚ್ಚುವುದು ಎಂದು ನಿಶ್ಚಯಿಸಿದ್ದೆವು. ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸುವ ಕಂಪನಿಗಳೇ ಇಲ್ಲಿ ಹೆಚ್ಚು, ಜನವರಿ ಬಂದರೆ ಲೆಕ್ಕಿಗರಿಗೆ ತಲೆ ಎತ್ತಲು ಬಿಡುವಿರುವುದಿಲ್ಲ ಎಂಬುದೂ ಒಂದು ಕಾರಣ. ಆದರೂ ರಜೆಯ ಲೆಕ್ಕ ಕೂಡಲಿಲ್ಲ. ಯುಎಇ ಕಾನೂನಿನಲ್ಲಿ ವರ್ಷದ ರಜೆ 30 ದಿನ, ಪ್ಲಾಸ್ಟರ್ ಒಂದಕ್ಕೇ 42 ದಿನ. ಅಪ್ಪ ಎರಡು ವಾರ ಇದ್ದು ಹಿಂದಿರುಗಿ, ಬಿಚ್ಚುವ ಹೊತ್ತಿಗೆ ಮತ್ತೆ ಬರುವುದು, ಅಮ್ಮ ಸಂಬಳವಿಲ್ಲದ ರಜೆ ಹಾಕಿ ಪೂರ್ತಿ ಇರುವುದು ಎಂದಾಯಿತು.

ಅಜ್ಜಿ ಮೊದಲ ದಿನ ಬಾಗಿಲಲ್ಲೇ ಕಣ್ಣೀರು ತೆಗೆದರು. ‘ಇಷ್ಟು ಚಿಕ್ಕ ಮಗೂಗೆ ಇಷ್ಟು ಭಾರ ಹೊರ್ಸಿದ್ದಾರಲ್ಲೋ!’ ಎರಡನೇ ದಿನದಿಂದ ಅವರೇ ಯಜಮಾನಿ. ಬೀದಿಯ ಟೈಲರ್‌ನನ್ನು ಮನೆಗೇ ಕರೆಸಿ, ಎರಡು ಅಳತೆ ದೊಡ್ಡದಾದ ಆರು ಫ್ರಾಕುಗಳ ಬಲಗಡೆ ಪಕ್ಕವನ್ನು ಕಂಕುಳಿನಿಂದ ಅಂಚಿನವರೆಗೆ ಸೀಳಿಸಿ ಲಾಡಿ ಹಾಕಿಸಿದರು. ಆಸ್ಪತ್ರೆಯವರು ವೆಲ್ಕ್ರೋ ಎಂದಿದ್ದರು. ಲಾಡಿಯೇ ಮೇಲು, ವೆಲ್ಕ್ರೋ ಪ್ಲಾಸ್ಟರ್‌ನ ಹತ್ತಿಗೆ ಕಚ್ಚಿಕೊಳ್ಳುತ್ತದೆ.

ಸ್ನಾನವೆಂದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು ಅಷ್ಟೆ. ತಲೆಗೆ ನೀರು ಹಾಕಲು ಹಜಾರದ ಮಂಚದ ಅಂಚಿಗೆ ಅಂಗಾತ ಮಲಗಿಸಿ, ಕುತ್ತಿಗೆಯ ಸುತ್ತ ಪ್ಲಾಸ್ಟಿಕ್ ಮತ್ತು ಟವೆಲ್ ಬಿಗಿದು, ಕೆಳಗೆ ಬಕೆಟ್ ಇಟ್ಟು, ಒಬ್ಬರು ತಲೆ ಹಿಡಿದು ಇನ್ನೊಬ್ಬರು ಚೊಂಬಿನಲ್ಲಿ ನೀರು ಬಿಡುವುದು. ಆರು ವಾರದಲ್ಲಿ ನಾಲ್ಕೇ ಸಲ.

ತುರಿಕೆ ಎರಡನೇ ವಾರದಲ್ಲಿ ಶುರುವಾಯಿತು. ರಾತ್ರಿ ಜಾಸ್ತಿ. ಪಕ್ಕದ ಮನೆಯವರು ಸ್ವೆಟರ್ ಹೆಣೆಯುವ ಕಡ್ಡಿ ತಂದುಕೊಟ್ಟರು, ಇನ್ನೊಬ್ಬರು ಪೌಡರ್ ಉದುರಿಸಿ ಎಂದರು, ಅಜ್ಜಿ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡೋಣವೇ ಎಂದರು. ಮೂರೂ ಕೂಡದು. ಕಡ್ಡಿ ಚರ್ಮ ಗೀರಿದರೆ ಕಣ್ಣಿಗೆ ಕಾಣದೆ ಕೀವಾಗುತ್ತದೆ. ಪೌಡರ್ ಬೆವರಿಗೆ ಗಂಟುಕಟ್ಟಿ ಉಜ್ಜುತ್ತದೆ. ಎಣ್ಣೆಯಿಂದ ಹತ್ತಿ ಒದ್ದೆಯಾಗಿ ಚರ್ಮ ಮೆತ್ತಗಾಗುತ್ತದೆ. ಕೂದಲು ಒಣಗಿಸುವ ಯಂತ್ರವನ್ನು ತಣ್ಣನೆ ಗಾಳಿಗೆ ಇಟ್ಟು ಕುತ್ತಿಗೆಯ ಅಂಚಿನಿಂದ ಒಳಗೆ ಗಾಳಿ ಬಿಟ್ಟೆವು, ಪ್ಲಾಸ್ಟರ್ ಮೇಲೆ ಬೆರಳಿಂದ ತಾಳ ಹಾಕಿದೆವು. ತಾಳ ಹಾಕುವುದು ಆಮೇಲೆ ಅವಳಿಗೇ ಆಟವಾಯಿತು. ಸಾಲದಿದ್ದಾಗ ವೈದ್ಯರು ಹೇಳಿದ್ದ ತುರಿಕೆಯ ಔಷಧ, ಅವರು ಹೇಳಿದಷ್ಟೇ ಪ್ರಮಾಣ.

ಅಂಚು ಚರ್ಮಕ್ಕೆ ಉಜ್ಜದಂತೆ ಅಂಟುಪಟ್ಟಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಹೂವಿನ ಎಸಳಿನ ಹಾಗೆ ಒಂದರ ಮೇಲೊಂದು ಅರ್ಧರ್ಧ ಸೇರಿಸಿ ಒಳಗಿನಿಂದ ಹೊರಕ್ಕೆ ಮಡಚಿ ಅಂಟಿಸಬೇಕು. ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಮಾಡಿ ತೋರಿಸಿದ್ದರು, ಅಜ್ಜಿ ಅದನ್ನು ಅವರಿಗಿಂತ ಚೆನ್ನಾಗಿ ಮಾಡಿದರು. ಊಟ ಮಾಡಿಸುವಾಗ ಕುತ್ತಿಗೆಗೆ ಬಟ್ಟೆ ಸಿಗಿಸಲೇಬೇಕು. ಒಂದು ಮಂಡಕ್ಕಿ ಕಾಳು ಒಳಗೆ ಜಾರಿದರೂ ಅದು ಒತ್ತಿ ಹುಣ್ಣಾಗುತ್ತದೆ. ಮಕ್ಕಳು ಬಳಪ, ಮಣಿ, ನಾಣ್ಯ ಎಲ್ಲವನ್ನೂ ಆ ಕಿಂಡಿಯಲ್ಲಿ ಹಾಕಿ ನೋಡುತ್ತಾರೆ. ಪ್ಲಾಸ್ಟರ್‌ನಿಂದ ಕೆಟ್ಟ ವಾಸನೆ ಬಂದರೆ, ಹೊರಗೆ ಕಲೆ ಮೂಡಿದರೆ, ಕಾರಣವಿಲ್ಲದೆ ಜ್ವರ ಬಂದರೆ ಒಳಗೆ ಏನೋ ಆಗಿದೆ ಎಂದೇ ಅರ್ಥ. ಹೊಟ್ಟೆ ಉಬ್ಬರಿಸಿ ಮತ್ತೆ ಮತ್ತೆ ವಾಂತಿಯಾದರೂ ವೈದ್ಯರಿಗೆ ಹೇಳಬೇಕು. ಮೈಗೆ ಬಿಗಿದ ಪ್ಲಾಸ್ಟರ್‌ನಲ್ಲಿ ಕರುಳಿನ ದಾರಿ ಒತ್ತಿಕೊಳ್ಳುವ ತೊಂದರೆಯೊಂದಿದೆ, ಅಪರೂಪ ಆದರೂ ಗಂಭೀರ. ಹೊಟ್ಟೆ ತುಂಬ ಒಂದೇ ಸಲ ಉಣ್ಣಿಸದೆ ಸ್ವಲ್ಪ ಸ್ವಲ್ಪ ಐದಾರು ಸಲ ಕೊಡುವುದು ಅದಕ್ಕೇ.

ಮಲಗುವುದು ದೊಡ್ಡ ಕಷ್ಟ. ಬೆನ್ನ ಹಿಂದೆ ದಿಂಬುಗಳ ಇಳಿಜಾರು ಕಟ್ಟಿ ಒರಗಿಸಿ, ಎತ್ತಿದ ಮೊಣಕೈ ಕೆಳಗೆ ಇನ್ನೊಂದು ದಿಂಬು. ಮೊದಲ ವಾರ ಯಾರಿಗೂ ನಿದ್ದೆಯಿಲ್ಲ. ಕುಕ್ಕರಗಾಲಲ್ಲಿ ಕೂತರೆ ಸೊಂಟದ ಅಂಚು ತೊಡೆಗೆ ಒತ್ತುತ್ತದೆ, ಕಮೋಡ್ ಬೇಕೇ ಬೇಕು. ಊರಿನ ಮನೆಯಲ್ಲಿ ಇಲ್ಲದಿದ್ದರೆ ಪ್ಲಾಸ್ಟಿಕ್ ಕಮೋಡ್ ಕುರ್ಚಿ ಮೊದಲೇ ತಂದಿಡಿ. ಮೇಲ್ಭಾಗ ಭಾರವಾಗಿ ಮಗು ನಡೆಯುವಾಗ ಒಂದು ಕಡೆ ವಾಲುತ್ತದೆ. ಹೊಸ್ತಿಲು, ಮೆಟ್ಟಿಲು, ಒದ್ದೆ ಅಂಗಳ ಈ ಮೂರರ ಬಳಿ ಒಬ್ಬರು ಕೈಹಿಡಿದೇ ಇರಬೇಕು.

ಬೇಸರ ಮಾತ್ರ ಅವಳಿಗೆ ಅಷ್ಟಾಗಿ ಆಗಲಿಲ್ಲ. ಬೀದಿಯ ಹೆಣ್ಣುಮಕ್ಕಳು ದಿನಾ ಸಂಜೆ ಬಂದು ಪ್ಲಾಸ್ಟರ್ ಮೇಲೆ ಸ್ಕೆಚ್ ಪೆನ್ನಿನಲ್ಲಿ ರಂಗೋಲಿ ಬರೆದರು. ಬೆನ್ನಿನ ಮೇಲೆ ಚುಕ್ಕಿ ಇಟ್ಟು ಹದಿಮೂರು ಸಾಲಿನ ರಂಗೋಲಿ, ಅವಳಿಗೆ ಕಾಣದು ಎಂದು ಫೋಟೋ ತೆಗೆದು ತೋರಿಸಿದರು. ದುಬೈನ ಫ್ಲಾಟಿನಲ್ಲಿ ಪಕ್ಕದ ಮನೆಯವರ ಹೆಸರೇ ಗೊತ್ತಿರದ ನಮಗೆ, ಪ್ಲಾಸ್ಟರ್ ಹಾಕಿಸುವುದಾದರೆ ಊರಲ್ಲೇ ಎನ್ನಿಸಿದ್ದು ಆಗಲೇ.

ದುಡ್ಡು, ವಿಮೆ, ವಿಮಾನ

ನಮ್ಮ ವಿಮೆಯವರು ಮೊದಲು ಅರ್ಜಿಯನ್ನು ಪೂರ್ತಿ ತಿರಸ್ಕರಿಸಿದರು. ಕಾರಣ: ‘ಜನ್ಮಜಾತ ದೋಷ’, ಪಾಲಿಸಿಯಲ್ಲಿ ಹೊರಗಿಟ್ಟದ್ದು. ಲೆಕ್ಕಿಗರ ಮನೆಯಲ್ಲಿ ಷರತ್ತುಗಳನ್ನು ಓದದೆ ಬಿಡುವುದಿಲ್ಲ. ಜನ್ಮಜಾತ ದೋಷವೆಂದರೆ ಗರ್ಭದಲ್ಲಿ ಬೆಳೆಯುವಾಗಲೇ ಬಂದದ್ದು. ಇದು ಹೆರಿಗೆಯ ಸಮಯದ ಗಾಯ. ಎರಡೂ ಒಂದಲ್ಲ. ಹೆರಿಗೆ ಆಸ್ಪತ್ರೆಯ ದಾಖಲೆಯಲ್ಲಿ ಭುಜ ಸಿಕ್ಕಿಕೊಂಡಿತ್ತೆಂದು ಬರೆದಿದ್ದ ಪುಟವನ್ನು ತೆಗೆಸಿ, ನರವೈದ್ಯರ ಪತ್ರ ಸೇರಿಸಿ ಮತ್ತೆ ಬರೆದೆವು. ನಾಲ್ಕು ತಿಂಗಳು ಹತ್ತಿತು. ಶಸ್ತ್ರಚಿಕಿತ್ಸೆಯ ದುಡ್ಡು ಬರಲಿಲ್ಲ, ಹೊರದೇಶದಲ್ಲಿ ಆದದ್ದು ಎಂಬ ಬೇರೆ ಕಾರಣ ಕೊಟ್ಟರು. ಆದರೆ ‘ಜನ್ಮಜಾತ’ ಎಂಬ ಮುದ್ರೆ ತೆಗೆದರು. ಹಾಗಾಗಿ ಇಲ್ಲಿನ ಫಿಸಿಯೋಥೆರಪಿಗೆ ಈಗ ದೊಡ್ಡ ಪಾಲು ಬರುತ್ತಿದೆ. ನಮ್ಮ ಅನುಭವದಲ್ಲಿ ಫಿಸಿಯೋಥೆರಪಿಯೇ ಮುಗಿಯದ ಖರ್ಚು, ಆದ್ದರಿಂದ ಆ ಜಗಳ ವ್ಯರ್ಥವಾಗಲಿಲ್ಲ. ಹೆರಿಗೆಯ ಕಾಗದಗಳನ್ನು ಎಸೆಯಬೇಡಿ.

ಆಸ್ಪತ್ರೆ ಹೇಳುವ ಪ್ಯಾಕೇಜಿನಲ್ಲಿ ಏನೇನಿಲ್ಲ ಎಂದು ಕೇಳಿಕೊಳ್ಳಿ. ನಮ್ಮದರಲ್ಲಿ ಪ್ಲಾಸ್ಟರ್ ಬಿಚ್ಚುವುದು, ಆಮೇಲಿನ ಅಚ್ಚಿನ ಪಟ್ಟಿ, ಮತ್ತೊಂದು ಎಂಆರ್‌ಐ ಮೂರೂ ಇರಲಿಲ್ಲ. ಅವಲಂಬಿತರ ಅಂಗವೈಕಲ್ಯಕ್ಕೆ ಭಾರತದ ಆದಾಯ ತೆರಿಗೆಯಲ್ಲಿರುವ ರಿಯಾಯಿತಿ ನಿವಾಸಿಗಳಿಗೆ ಮಾತ್ರ, ಅನಿವಾಸಿಗಳಿಗಿಲ್ಲ. ಊರಿನಲ್ಲಿ ಯಾರಾದರೂ ‘ಟ್ಯಾಕ್ಸಲ್ಲಿ ವಾಪಸ್ ಬರುತ್ತೆ’ ಎಂದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ನಾವು ಪ್ಲಾಸ್ಟರ್ ಬಿಚ್ಚಿಸಿಯೇ ದುಬೈಗೆ ಮರಳಿದೆವು. ಅಬುಧಾಬಿಯ ಕುಟುಂಬ ಮಾತ್ರ ರಜೆ ಸಾಲದೆ ಪ್ಲಾಸ್ಟರ್ ಸಮೇತ ಮಂಗಳೂರಿನಿಂದ ವಿಮಾನ ಹತ್ತಿತು. ಅವರು ಹೇಳಿದ್ದನ್ನು ಇಲ್ಲಿ ಸೇರಿಸುತ್ತೇವೆ. ಹೊಸ ಪ್ಲಾಸ್ಟರ್ ಹಾಕಿದ ಮೊದಲ ಒಂದೆರಡು ದಿನ ಬಹಳಷ್ಟು ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ, ಅಥವಾ ಊತಕ್ಕೆ ಜಾಗವಿರಲೆಂದು ಸೀಳಿಸಿಕೊಂಡು ಬರಲು ಹೇಳುತ್ತವೆ. ಟಿಕೆಟ್ ತೆಗೆಯುವಾಗಲೇ ತಿಳಿಸಿ ವೈದ್ಯರ ನಮೂನೆ ತುಂಬಿಸಬೇಕು. ಬಲಗೈ ಎತ್ತಿದ ಮಗುವಿಗೆ ವಿಮಾನದ ಎಡಬದಿಯ ಕಿಟಕಿ ಸೀಟು. ಆಗ ಕೈ ಬರುವುದು ಪಕ್ಕದಲ್ಲಿ ಕೂತ ತಾಯಿಯ ಕಡೆಗೆ, ಗೋಡೆಗಲ್ಲ, ತಿಂಡಿ ಗಾಡಿ ಓಡಾಡುವ ಹಾದಿಗೂ ಅಲ್ಲ. ಇಳಿದ ಮೇಲೆ ಕಾರಿನ ಪ್ರಶ್ನೆ. ಯುಎಇಯಲ್ಲಿ 2017ರ ಜುಲೈನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ, ಇಲ್ಲದಿದ್ದರೆ 400 ದಿರ್ಹಮ್ ದಂಡ. ಮೈತುಂಬ ಪ್ಲಾಸ್ಟರ್ ಇರುವ ಮಗು ಸಾಮಾನ್ಯ ಸೀಟಿನಲ್ಲಿ ಕೂರುವುದಿಲ್ಲ. ದಂಡಕ್ಕಿಂತ ಮಗುವಿನ ಸುರಕ್ಷತೆ ಮುಖ್ಯವೆಂದು ಅವರು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹುಡುಕಾಡಿ, ಬದಿಗಳಿಲ್ಲದ ಅಗಲ ಸೀಟೊಂದನ್ನು ಹೊಂದಿಸಿಕೊಂಡಿದ್ದರು.

ಪ್ಲಾಸ್ಟರ್ ಬಿಚ್ಚುವ ದಿನ ಯಂತ್ರದ ಸದ್ದಿಗೆ ಮಕ್ಕಳು ಹೆದರುತ್ತಾರೆ. ನೋಡಲು ಗರಗಸವೇ. ಆದರೆ ಅದರ ಅಲಗು ಸುತ್ತುವುದಿಲ್ಲ, ಅತ್ತಿತ್ತ ಬಹಳ ಬೇಗ ನಡುಗುತ್ತದೆ. ಗಟ್ಟಿ ಪ್ಲಾಸ್ಟರನ್ನು ಕತ್ತರಿಸುತ್ತದೆ, ಮೆತ್ತನೆಯ ಚರ್ಮ ಅದರ ಜೊತೆಗೇ ಅಲ್ಲಾಡುವುದರಿಂದ ಸಾಮಾನ್ಯವಾಗಿ ಕೊಯ್ಯುವುದಿಲ್ಲ. ಅಮೆರಿಕದ ಹೋಮರ್ ಸ್ಟ್ರೈಕರ್ ಎಂಬ ವೈದ್ಯ 1940ರ ದಶಕದಲ್ಲಿ ಮಾಡಿದ ಉಪಾಯ. ಅಲಗು ಬಿಸಿಯಾದರೆ ಮಾತ್ರ ಸುಡಬಹುದು, ಅದಕ್ಕೇ ನಡುನಡುವೆ ನಿಲ್ಲಿಸುತ್ತಾರೆ. ತಂತ್ರಜ್ಞರು ಮೊದಲು ತಮ್ಮ ಅಂಗೈಗೇ ತಾಗಿಸಿ ತೋರಿಸಿದರು. ಪುಟ್ಟಿ ಆದರೂ ಅತ್ತಳು. ಅವಳಿಗೆ ಬೇಸರವಾದದ್ದು ರಂಗೋಲಿ ಎರಡು ಹೋಳಾದದ್ದಕ್ಕೆ.

ಒಳಗಿನ ಚರ್ಮ ಕಂಡು ನಾವು ಬೆಚ್ಚಿದೆವು. ಒಣಗಿ ಸಿಪ್ಪೆ ಎದ್ದು, ಕೂದಲು ಬೆಳೆದು, ತೋಳು ಕಡ್ಡಿಯಂತೆ. ಉಜ್ಜಬಾರದು, ಉಗುರು ಬೆಚ್ಚಗಿನ ನೀರಿನಲ್ಲಿ ದಿನಾ ನೆನೆಸಿದರೆ ತಾನೇ ಬಿಡುತ್ತದೆ. ಅಜ್ಜಿಯ ಕೊಬ್ಬರಿ ಎಣ್ಣೆಗೆ ಆಗ ಒಪ್ಪಿಗೆ ಸಿಕ್ಕಿತು. ಪ್ಲಾಸ್ಟರ್ ಹೋದರೂ ಕೈ ಕೆಳಗಿಳಿಯಲಿಲ್ಲ, ಎತ್ತಿದಂತೆಯೇ ನಿಂತಿತ್ತು. ಒತ್ತಿ ಇಳಿಸಬಾರದೆಂದು ಮೊದಲೇ ಹೇಳಿದ್ದರು, ದಿನ ಕಳೆದಂತೆ ತಾನೇ ಇಳಿಯಿತು. ಸಂಕ್ರಾಂತಿಗೆ ಎಳ್ಳು-ಬೆಲ್ಲದ ತಟ್ಟೆ ಹಿಡಿದು ಬೀದಿ ಸುತ್ತುವಾಗಲೂ ಮೊಣಕೈ ಮೈಯಿಂದ ಒಂದು ಗೇಣು ದೂರವೇ ಇತ್ತು.

ಈಗ ಹತ್ತು ತಿಂಗಳಾಗಿದೆ. ರಾತ್ರಿ ಅಚ್ಚಿನ ಪಟ್ಟಿ, ವಾರಕ್ಕೆ ಎರಡು ದಿನ ಫಿಸಿಯೋಥೆರಪಿ, ಮನೆಯಲ್ಲಿ ದಿನಾ ಅರ್ಧ ಗಂಟೆ ಆಟದ ಹೆಸರಿನ ವ್ಯಾಯಾಮ. ತುತ್ತು ಬಾಯಿಗೆ ಹೋಗುವಾಗ ಕಹಳೆ ಏಳುವುದು ಬಹಳ ಕಡಿಮೆಯಾಗಿದೆ. ತಲೆ ಬಾಚಿಕೊಳ್ಳಲು ಬಲಗೈ ಕಿವಿಯ ತನಕ ಹೋಗುತ್ತದೆ, ಕಿವಿಯ ಹಿಂದಕ್ಕೆ ಇನ್ನೂ ಇಲ್ಲ. ಹೊರಕ್ಕೆ ತಿರುಗಿದಷ್ಟು ಒಳಕ್ಕೆ ತಿರುಗುವುದು ಕಡಿಮೆಯಾಗಿದೆ. ಮೊದಲು ಬಲಗೈಯಿಂದ ಹೊಟ್ಟೆಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದಳು, ಈಗ ಅದಕ್ಕೆ ಎಡಗೈ ಬೇಕು. ಹೀಗಾಗಬಹುದು ಎಂದು ವೈದ್ಯರು ಮುಂಚೆಯೇ ಹೇಳಿದ್ದರು. ನೀವೂ ಸಹಿ ಹಾಕುವ ಮುಂಚೆ ‘ಏನು ಬರುತ್ತದೆ’ ಎನ್ನುವುದರ ಜೊತೆ ‘ಏನು ಹೋಗುತ್ತದೆ’ ಎಂದೂ ಕೇಳಿಕೊಳ್ಳಿ. ಕೀಲಿನ ಗುಂಡು ತನ್ನ ಬಟ್ಟಲಿನಲ್ಲೇ ಕೂತಿದೆಯೇ ಎಂಬುದು ಡಿಸೆಂಬರ್‌ನ ಎಂಆರ್‌ಐನಲ್ಲಿ ತಿಳಿಯಬೇಕು. ಟಿಕೆಟ್ ತೆಗೆದಿದ್ದೇವೆ, ಈ ಸಲ ಹದಿನೈದೇ ದಿನ.